ಸರಕಿಗಿಂತ ಮುಂಚೆ ಸುದ್ದಿ: ಗಡಿ ದಾಟುವ ವಸ್ತುಗಳ ಸುರಕ್ಷತಾ ಘೋಷಣೆ



'ಸುಂಕದವನ ಮುಂದೆ ಸುಖ-ದುಃಖ ಹೇಳಿಕೊಂಡಂತೆ' ಎಂಬ ಗಾದೆಯನ್ನು ನೀವೆಲ್ಲ ಕೇಳಿದ್ದೀರಿ. ಸುಂಕದವನಿಗೆ ಬೇಕಾದದ್ದು ಹಣ ಮಾತ್ರ, ನಮ್ಮ ಕಷ್ಟ ಅವನಿಗೆ ಬೇಕಿಲ್ಲ ಎಂಬುದು ಅದರ ಅರ್ಥ. ಆದರೆ ಇಂದಿನ ಸುಂಕದ ಕಟ್ಟೆಯಲ್ಲಿ ಹಣದ ಮಾತಿಗಿಂತ ಮೊದಲು ಬೇರೊಂದು ಪ್ರಶ್ನೆ ಬರುತ್ತದೆ. 'ಈ ಪೆಟ್ಟಿಗೆಯೊಳಗೆ ಏನಿದೆ? ಅದರಿಂದ ಯಾರಿಗಾದರೂ ಅಪಾಯವಿದೆಯೇ?' ಎಂಬುದೇ ಆ ಪ್ರಶ್ನೆ. ಅದಕ್ಕೆ ಸರಕು ಬಂದ ಮೇಲೆ ಉತ್ತರ ಕೊಟ್ಟರೆ ಸಾಲದು, ಹೊರಡುವ ಮೊದಲೇ ಕೊಡಬೇಕು. ಹೀಗೆ ಮುಂಚಿತವಾಗಿ ಕೊಡುವ ಉತ್ತರವೇ ಸುರಕ್ಷತಾ ಘೋಷಣೆ. ಅದು ಏನು, ಯಾಕೆ ಬಂತು, ಅದಕ್ಕೆ ಹೇಗೆ ಸಿದ್ಧರಾಗಬೇಕು ಎಂಬುದನ್ನು ಈ ಲೇಖನದಲ್ಲಿ ನೋಡೋಣ.

ಅಂಚೆ ಕಚೇರಿಯಲ್ಲಿ ಒಂದು ಪ್ರಸಂಗ

ಇದು ಬಂದರಿನ ಊರಿನವರಿಗೆ ಸಂಬಂಧಿಸಿದ ವಿಷಯ, ಸಿಂಧನೂರು, ಲಿಂಗಸುಗೂರು, ಮಸ್ಕಿ ತಾಲ್ಲೂಕುಗಳ ನಡುವಿನ ವಳಕಮದಿನ್ನಿಯಂಥ ಊರಿಗೆ ಇದರಿಂದ ಏನಾಗಬೇಕು ಎಂದು ನಿಮಗೆ ಅನ್ನಿಸಬಹುದು. ಆ ಊರಿನ ತಾಯಿಯೊಬ್ಬರು ಜರ್ಮನಿಯಲ್ಲಿರುವ ಮಗನಿಗೆ ಪಾರ್ಸೆಲ್ ಕಳಿಸಲು ಅಂಚೆ ಕಚೇರಿಗೆ ಬಂದಿದ್ದಾರೆ ಎಂದು ಊಹಿಸಿಕೊಳ್ಳಿ.

'ಒಳಗೇನೈತಿ ಯವ್ವಾ?' ಎಂದು ಗುಮಾಸ್ತರು ಕೇಳುತ್ತಾರೆ.

'ತಿನ್ನೋ ಸಾಮಾನು ಐತಪ್ಪಾ, ಮಗಗ ಕಳಸಾಕತ್ತೀನಿ.'

'ಹಂಗಂದ್ರ ನಡಿಯಂಗಿಲ್ಲ. ಒಂದೊಂದೂ ಹೆಸರು ಹೇಳ್ರಿ, ಎಷ್ಟೆಷ್ಟು ತೂಕ ಅಂತ ಹೇಳ್ರಿ.'

ಜೋಳದ ಕಟಿ ರೊಟ್ಟಿ, ಶೇಂಗಾ ಚಟ್ನಿಪುಡಿ, ಗುರೆಳ್ಳು ಪುಡಿ, ಒಂದು ಡಬ್ಬಿ ತುಪ್ಪ. ತುಪ್ಪ ಎಂದೊಡನೆ ಗುಮಾಸ್ತರ ಲೇಖನಿ ನಿಲ್ಲುತ್ತದೆ. ಐರೋಪ್ಯ ಒಕ್ಕೂಟದ ದೇಶಗಳು ಹೊರಗಿನಿಂದ ಇಂಥ ಪಾರ್ಸೆಲುಗಳಲ್ಲಿ ಮಾಂಸವನ್ನಾಗಲಿ ಹಾಲಿನ ಪದಾರ್ಥವನ್ನಾಗಲಿ ಬಿಟ್ಟುಕೊಳ್ಳುವುದಿಲ್ಲ. ದನಕರುಗಳ ರೋಗ ಗಡಿ ದಾಟಬಾರದು ಎಂಬುದು ಅದಕ್ಕೆ ಕಾರಣ. 'ತಿನ್ನೋ ಸಾಮಾನು' ಎಂದೇ ಬರೆದು ಕಳಿಸಿದ್ದರೆ ಆಗುತ್ತಿದ್ದುದು ಇಷ್ಟೇ: ತುಪ್ಪದ ಜೊತೆಗೆ ರೊಟ್ಟಿ, ಚಟ್ನಿಪುಡಿ ಎಲ್ಲವೂ ದೂರದ ಗಡಿಯಲ್ಲಿ ತಡೆಯಲ್ಪಡುತ್ತಿದ್ದವು. ಮಗನಿಗೆ ಹಬ್ಬಕ್ಕೆ ಏನೂ ಮುಟ್ಟುತ್ತಿರಲಿಲ್ಲ.

ಈ ಸಣ್ಣ ಪ್ರಸಂಗದಲ್ಲಿ ಇಡೀ ವಿಷಯದ ಬೀಜ ಅಡಗಿದೆ. ವಸ್ತುವಿನ ನಿಖರವಾದ ಹೆಸರು, ಅದರ ತೂಕ, ಕಳಿಸುವವರು ಯಾರು, ಪಡೆಯುವವರು ಯಾರು ಎಂಬ ವಿವರಗಳು ಹೊರಡುವ ಮೊದಲೇ ಸಿದ್ಧವಿರಬೇಕು.

ಪ್ರಶ್ನೆ ಹಳೆಯದು, ಉದ್ದೇಶ ಹೊಸದು

ಮಸ್ಕಿಯ ಅಶೋಕನ ಶಾಸನ ಬೆಳಕಿಗೆ ಬಂದದ್ದು 1915ರಲ್ಲಿ. ಅದೇ ವರ್ಷ ಮೈಸೂರಿನ ಓರಿಯಂಟಲ್ ಗ್ರಂಥಾಲಯದ ಆರ್. ಶಾಮಾಶಾಸ್ತ್ರಿಗಳು ಕೌಟಿಲ್ಯನ ಅರ್ಥಶಾಸ್ತ್ರದ ಇಂಗ್ಲಿಷ್ ಅನುವಾದವನ್ನು ಪ್ರಕಟಿಸಿದರು. ಅದರ ಮೂಲ ಸಂಸ್ಕೃತ ಪಾಠವನ್ನು ಅವರು 1909ರಲ್ಲೇ ಅಚ್ಚು ಮಾಡಿಸಿದ್ದರು. ಆ ಗ್ರಂಥದಲ್ಲಿ ಸುಂಕದ ಅಧಿಕಾರಿಯ ಬಗ್ಗೆಯೇ ಒಂದು ಅಧ್ಯಾಯವಿದೆ. ಊರ ಬಾಗಿಲ ಬಳಿಯ ಸುಂಕದ ಕಟ್ಟೆಗೆ ಬಂದ ವ್ಯಾಪಾರಿ ಯಾರು, ಎಲ್ಲಿಂದ ಬಂದ, ಎಷ್ಟು ಸರಕು ತಂದ, ಅದಕ್ಕೆ ಮುದ್ರೆ ಎಲ್ಲಿ ಬಿತ್ತು ಎಂಬುದನ್ನು ನಾಲ್ಕೈದು ಮಂದಿ ಬರೆದುಕೊಳ್ಳಬೇಕೆಂದು ಅಲ್ಲಿ ಹೇಳಿದೆ. ಸುಂಕದ ಭಯದಿಂದ ಸರಕಿನ ಪ್ರಮಾಣವನ್ನೋ ಬೆಲೆಯನ್ನೋ ಕಡಿಮೆ ಹೇಳಿದವನು ಹೆಚ್ಚುವರಿ ಸರಕನ್ನು ಕಳೆದುಕೊಳ್ಳಬೇಕು, ಇಲ್ಲವೇ ಎಂಟು ಪಟ್ಟು ಸುಂಕ ತೆರಬೇಕು.

ಎರಡು ಸಾವಿರ ವರ್ಷಗಳಾಚೆಗೂ ಪ್ರಶ್ನೆಗಳು ಬಹುಮಟ್ಟಿಗೆ ಅವೇ ಆಗಿವೆ. ಬದಲಾಗಿರುವುದು ಉದ್ದೇಶ ಮತ್ತು ಸಮಯ. ಇಂದು ಗಡಿಯಲ್ಲಿ ಕೇಳುವ ಮಾಹಿತಿಯನ್ನು ಮೂರು ಬಗೆಯಾಗಿ ವಿಂಗಡಿಸಬಹುದು.

ಮೊದಲನೆಯದು ಸುಂಕಕ್ಕಾಗಿ ಕೊಡುವ ಘೋಷಣೆ. ಸರಕಿನ ಬೆಲೆ ಎಷ್ಟು, ತೆರಿಗೆ ಎಷ್ಟು ಎಂಬುದು ಅದರ ವಿಷಯ. ಎರಡನೆಯದು ಆರೋಗ್ಯ ಮತ್ತು ಗುಣಮಟ್ಟಕ್ಕೆ ಸಂಬಂಧಿಸಿದ್ದು. ಆಹಾರದಲ್ಲಿ ವಿಷವಿದೆಯೇ, ಗಿಡದಲ್ಲಿ ಕೀಟವಿದೆಯೇ, ಆಟಿಕೆಯಲ್ಲಿ ಅಪಾಯಕಾರಿ ಬಣ್ಣವಿದೆಯೇ ಎಂದು ನೋಡುವಂಥದು. ಮೂರನೆಯದೇ ಮುಂಚಿತ ಸುರಕ್ಷತಾ ಘೋಷಣೆ. ಹಡಗು, ವಿಮಾನ, ಬಂದರು ಮತ್ತು ಅಲ್ಲಿನ ಜನರಿಗೆ ಈ ಸರಕಿನಿಂದ ಹಾನಿಯಾಗುವ ಸಂಭವವಿದೆಯೇ ಎಂದು ದೂರದಿಂದಲೇ ತೂಗಿ ನೋಡುವುದು ಇದರ ಕೆಲಸ. ಈ ಮೂರನ್ನೂ ಒಂದೇ ಎಂದು ತಿಳಿಯುವುದರಿಂದ ವ್ಯಾಪಾರಿಗಳೂ ಎಡವುತ್ತಾರೆ. ಸುಂಕವೇ ಇಲ್ಲದ ಸರಕಿಗೂ ಸುರಕ್ಷತಾ ಘೋಷಣೆ ಬೇಕಾಗಬಹುದು ಎಂಬುದನ್ನು ನೆನಪಿಡಿ.

ಮುಂಚೆಯೇ ಏಕೆ ತಿಳಿಯಬೇಕು?

2017ರ ಮೇ 6ರಂದು ದೆಹಲಿಯ ತುಘಲಕಾಬಾದಿನಲ್ಲಿ ಒಂದು ಘಟನೆ ನಡೆಯಿತು. ಅಲ್ಲಿನ ಕಂಟೈನರ್ ಡಿಪೋ ಸಮೀಪದಲ್ಲಿ, ಚೀನಾದಿಂದ ಆಮದಾಗಿದ್ದ ರಾಸಾಯನಿಕ ಸೋರಿತು. ಕೀಟನಾಶಕ ತಯಾರಿಸಲು ಬಳಸುವ ವಸ್ತು ಅದು. ಹತ್ತಿರದಲ್ಲೇ ಹೆಣ್ಣುಮಕ್ಕಳ ಶಾಲೆಯಿತ್ತು. ಕಣ್ಣುರಿ, ಉಸಿರುಕಟ್ಟುವಿಕೆಯಿಂದ ನರಳಿದ ನೂರಾರು ವಿದ್ಯಾರ್ಥಿನಿಯರನ್ನು ಆಸ್ಪತ್ರೆಗಳಿಗೆ ಸೇರಿಸಬೇಕಾಯಿತು. ಅವರು ನಿಮ್ಮ ವಯಸ್ಸಿನವರೇ. ಆಮದು ಸರಕಿನ ಕಾಗದಪತ್ರ ವರ್ತಕರಿಗೆ ಮಾತ್ರ ಸಂಬಂಧಿಸಿದ್ದಲ್ಲ ಎಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ. ಪೆಟ್ಟಿಗೆಯೊಳಗೆ ಏನಿದೆ ಎಂದು ತಿಳಿದಿದ್ದರೆ ಮಾತ್ರ ವೈದ್ಯರು ಯಾವ ಚಿಕಿತ್ಸೆ ಕೊಡಬೇಕು, ಅಗ್ನಿಶಾಮಕದವರು ನೀರು ಹಾಯಿಸಬಹುದೋ ಬಾರದೋ ಎಂದು ನಿರ್ಧರಿಸಲು ಸಾಧ್ಯ.

ನೀರಿನ ಮಾತು ಬಂದದ್ದಕ್ಕೆ ಇನ್ನೊಂದು ಉದಾಹರಣೆ. 2025ರ ಮೇ 25ರಂದು ಕೇರಳದ ಕರಾವಳಿಯಾಚೆ 'ಎಂಎಸ್‌ಸಿ ಎಲ್ಸಾ 3' ಎಂಬ ಹಡಗು ಮುಳುಗಿತು. ಅದರಲ್ಲಿ 640 ಕಂಟೈನರುಗಳಿದ್ದವು. ಕೆಲವದರಲ್ಲಿ ಅಪಾಯಕಾರಿ ಸರಕಿತ್ತು, 12ರಲ್ಲಿ ಕ್ಯಾಲ್ಸಿಯಂ ಕಾರ್ಬೈಡ್ ಇತ್ತು. ಕಾರ್ಬೈಡ್ ನೀರಿಗೆ ತಾಗಿದರೆ ಅಸಿಟಲೀನ್ ಅನಿಲ ಹುಟ್ಟುತ್ತದೆ ಎಂದು ರಸಾಯನಶಾಸ್ತ್ರದಲ್ಲಿ ಓದಿದ್ದೀರಿ. ಅದು ಬೇಗನೆ ಹೊತ್ತಿಕೊಳ್ಳುವ ಅನಿಲ. ದಡಕ್ಕೆ ತೇಲಿಬಂದ ಪೆಟ್ಟಿಗೆಗಳನ್ನು ಮುಟ್ಟಬೇಡಿ ಎಂದು ಜನರಿಗೆ ಎಚ್ಚರಿಕೆ ಕೊಡಲಾಯಿತು. ಹಡಗಿನ ಸರಕಿನ ಪಟ್ಟಿ ಇಂಥ ವೇಳೆಯಲ್ಲಿ ಜನರ ಪ್ರಾಣ ಕಾಯುವ ದಾಖಲೆಯಾಗುತ್ತದೆ.

ತಿಳಿದರೂ ಕ್ರಮ ಕೈಗೊಳ್ಳದಿದ್ದರೆ ಏನಾಗುತ್ತದೆ ಎಂಬುದಕ್ಕೆ ಲೆಬನಾನ್ ದೇಶದ ಬೈರುತ್ ಬಂದರು ಸಾಕ್ಷಿ. 2013ರಲ್ಲಿ ಅಲ್ಲಿಗೆ ಬಂದ ಹಡಗೊಂದರಿಂದ ಇಳಿಸಿದ ಸುಮಾರು 2,750 ಟನ್ ಅಮೋನಿಯಂ ನೈಟ್ರೇಟ್ ವರ್ಷಗಟ್ಟಲೆ ಗೋದಾಮಿನಲ್ಲೇ ಉಳಿಯಿತು. ಅದನ್ನು ಸಾಗಿಸಬೇಕೆಂದು ಸುಂಕದ ಅಧಿಕಾರಿಗಳು ಹಲವು ಸಲ ಪತ್ರ ಬರೆದಿದ್ದರು. 2020ರ ಆಗಸ್ಟ್ 4ರಂದು ಅದು ಸಿಡಿದು 200ಕ್ಕೂ ಹೆಚ್ಚು ಜನ ಸತ್ತರು. ಆದ್ದರಿಂದ ಘೋಷಣೆ ಮೊದಲ ಹೆಜ್ಜೆ ಮಾತ್ರ. ಅದನ್ನು ಓದಿ ನಡೆದುಕೊಳ್ಳುವವರೂ ಬೇಕು.

ಜಗತ್ತು ನಡೆದುಬಂದ ದಾರಿ

2001ರ ಸೆಪ್ಟೆಂಬರ್ 11ರಂದು ಅಮೆರಿಕದ ಮೇಲೆ ನಡೆದ ದಾಳಿಯ ಅನಂತರ ಆ ದೇಶ ತನ್ನ ಬಂದರುಗಳ ಬಗ್ಗೆ ಯೋಚಿಸತೊಡಗಿತು. ಅಪಾಯದ ಪೆಟ್ಟಿಗೆ ಬಂದರಿಗೆ ಬಂದ ಮೇಲೆ ತೆರೆದು ನೋಡಿ ಪ್ರಯೋಜನವೇನು? ಅದಕ್ಕಾಗಿ, ವಿದೇಶದ ಬಂದರಿನಲ್ಲಿ ಹಡಗಿಗೆ ತುಂಬುವ 24 ಗಂಟೆ ಮೊದಲೇ ಸರಕಿನ ವಿವರ ಕೊಡಬೇಕೆಂಬ ನಿಯಮ 2003ರ ಫೆಬ್ರವರಿಯಿಂದ ಜಾರಿಗೆ ಬಂತು. 2005ರಲ್ಲಿ ವಿಶ್ವ ಸುಂಕ ಸಂಸ್ಥೆಯು ಎಲ್ಲ ದೇಶಗಳಿಗೂ ಹೊಂದುವಂಥ ಚೌಕಟ್ಟನ್ನು ಒಪ್ಪಿತು. 2010ರ ಅಕ್ಟೋಬರಿನಲ್ಲಿ ಯೆಮನ್ ದೇಶದಿಂದ ಹೊರಟ ವಿಮಾನದ ಪಾರ್ಸೆಲುಗಳಲ್ಲಿ, ಕಂಪ್ಯೂಟರ್ ಮುದ್ರಣ ಯಂತ್ರಗಳ ಒಳಗೆ, ಸ್ಫೋಟಕ ಪತ್ತೆಯಾಯಿತು. ಅಂದಿನಿಂದ ವಿಮಾನದ ಸರಕಿಗೂ ತುಂಬುವ ಮೊದಲೇ ಮಾಹಿತಿ ಬೇಕು ಎಂಬ ಅಭಿಪ್ರಾಯ ಬಲವಾಯಿತು.

ಐರೋಪ್ಯ ಒಕ್ಕೂಟ ತನ್ನ ಎರಡನೆಯ ಆಮದು ನಿಯಂತ್ರಣ ವ್ಯವಸ್ಥೆಯನ್ನು ಹಂತಹಂತವಾಗಿ ತಂದಿತು. 2021ರ ಮಾರ್ಚ್ 15ರಿಂದ ವಿಮಾನದಲ್ಲಿ ಹೋಗುವ ಅಂಚೆ ಮತ್ತು ಕೊರಿಯರ್ ಪಾರ್ಸೆಲುಗಳಿಗೆ, 2023ರ ಮಾರ್ಚ್ 1ರಿಂದ ವಿಮಾನದ ಎಲ್ಲ ಸರಕಿಗೆ, 2024ರ ಜೂನ್ 3ರಿಂದ ಹಡಗಿನ ಸರಕಿಗೆ, 2025ರ ಏಪ್ರಿಲ್ 1ರಿಂದ ರಸ್ತೆ ಮತ್ತು ರೈಲಿನ ಸರಕಿಗೆ ಅದು ಅನ್ವಯಿಸಿತು. ಒಕ್ಕೂಟದಿಂದ ಹೊರಬಂದ ಬ್ರಿಟನ್ ಕೂಡ, ಒಕ್ಕೂಟದ ದೇಶಗಳಿಂದ ತನಗೆ ಬರುವ ಸರಕಿಗೆ ಇಂಥದೇ ಸುರಕ್ಷತಾ ಘೋಷಣೆಯನ್ನು 2025ರ ಜನವರಿ 31ರಿಂದ ಕಡ್ಡಾಯ ಮಾಡಿತು.

ಅಕ್ಕಿಯ ಮೂಟೆ ಹೊರಟಾಗ

ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನಿಂದ ಸಿಂಧನೂರಿನ ಸೀಮೆ ಭತ್ತದ ಕಣಜವಾಯಿತು. ಸೋನಾ ಮಸೂರಿ ಅಕ್ಕಿಯನ್ನು ಹೊರದೇಶದ ಕನ್ನಡಿಗರೂ ಹುಡುಕಿಕೊಂಡು ಕೊಳ್ಳುತ್ತಾರೆ. 2023ರ ಜುಲೈ 20ರಂದು ಕೇಂದ್ರ ಸರ್ಕಾರ ಬಾಸುಮತಿಯಲ್ಲದ ಬಿಳಿ ಅಕ್ಕಿಯ ರಫ್ತನ್ನು ನಿಷೇಧಿಸಿ, 2024ರ ಸೆಪ್ಟೆಂಬರ್ 28ರಂದು ಮತ್ತೆ ತೆರವು ಮಾಡಿತು. ನಮ್ಮ ರಫ್ತು ಇನ್ನೊಂದು ದೇಶಕ್ಕೆ ಆಮದು. ಹಾಗಾಗಿ ಅಲ್ಲಿನ ಆಮದು ನಿಯಮ ಇಲ್ಲಿನ ಅಕ್ಕಿ ಗಿರಣಿಯ ಬಾಗಿಲಿಗೇ ಬರುತ್ತದೆ.

ನಿಮ್ಮ ಸೋದರಮಾವನವರು ಸಿಂಧನೂರಿನಲ್ಲಿ ಅಕ್ಕಿ ಗಿರಣಿ ನಡೆಸುತ್ತಾರೆ, ಒಂದು ಕಂಟೈನರ್ ಅಕ್ಕಿಯನ್ನು ನೆದರ್‌ಲ್ಯಾಂಡ್ಸಿನ ರೋಟರ್‌ಡ್ಯಾಮಿಗೆ ಕಳಿಸುತ್ತಾರೆ ಎಂದುಕೊಳ್ಳಿ. ಅವರು ಹೇಗೆ ಸಿದ್ಧರಾಗಬೇಕು?

ಮೊದಲು, ಸರಕಿನ ವರ್ಣನೆ. 'ಕೃಷಿ ಉತ್ಪನ್ನ', 'ಸಾಮಾನ್ಯ ಸರಕು', 'ಬಿಡಿಭಾಗಗಳು', 'ಉಡುಗೊರೆ' ಎಂಬಂಥ ಪದಗಳನ್ನು ಐರೋಪ್ಯ ಸುಂಕದವರು ಒಪ್ಪುವುದಿಲ್ಲ. 'ಚೀಲದಲ್ಲಿ ತುಂಬಿದ ಗಿರಣಿ ಅಕ್ಕಿ' ಎಂದು ಸ್ಪಷ್ಟವಾಗಿ ಬರೆಯಬೇಕು. ವಳಕಮದಿನ್ನಿಯ ತಾಯಿಯ 'ತಿನ್ನೋ ಸಾಮಾನು' ನೆನಪಾಯಿತಲ್ಲವೇ?

ಎರಡು, ಆರು ಅಂಕಿಗಳ ಸಂಕೇತ. ಜಗತ್ತಿನ ಸರಕುಗಳನ್ನೆಲ್ಲ ವರ್ಗೀಕರಿಸುವ ಒಂದು ಸಾಮರಸ್ಯದ ಪದ್ಧತಿ 1988ರಿಂದ ಬಳಕೆಯಲ್ಲಿದೆ. ಅದರಲ್ಲಿ 10 ಎಂದರೆ ಧಾನ್ಯಗಳ ಅಧ್ಯಾಯ. 1006 ಎಂದರೆ ಅಕ್ಕಿ. 1006 10 ಎಂದರೆ ಹೊಟ್ಟು ಸಹಿತವಾದ ಭತ್ತ, 1006 20 ಎಂದರೆ ಹೊಟ್ಟು ತೆಗೆದ ಕಂದು ಅಕ್ಕಿ, 1006 30 ಎಂದರೆ ಗಿರಣಿಯಲ್ಲಿ ಪಾಲಿಶ್ ಆದ ಅಕ್ಕಿ, 1006 40 ಎಂದರೆ ನುಚ್ಚು. ಭಾಷೆ ಬಾರದ ಊರಿನಲ್ಲೂ ಈ ಅಂಕಿ ಮಾತಾಡುತ್ತದೆ. ಒಂದು ಅಂಕಿ ತಪ್ಪಿದರೆ ಅಕ್ಕಿ ಭತ್ತವಾಗುತ್ತದೆ, ಭತ್ತಕ್ಕೆ ಬೇರೆ ನಿಯಮ, ಬೇರೆ ತಪಾಸಣೆ.

ಮೂರು, ಮಾರುವವರ ಮತ್ತು ಕೊಳ್ಳುವವರ ಪೂರ್ಣ ಹೆಸರು, ವಿಳಾಸ. ಒಕ್ಕೂಟದಲ್ಲಿರುವ ಪಡೆಯುವವರಿಗೆ ಅಲ್ಲಿನ ಸುಂಕ ಇಲಾಖೆಯ ನೋಂದಣಿ ಸಂಖ್ಯೆ ಇರುತ್ತದೆ. ಅದನ್ನು ಮೊದಲೇ ಕೇಳಿ ಪಡೆಯಬೇಕು.

ನಾಲ್ಕು, ಕಂಟೈನರಿನ ಸಂಖ್ಯೆ, ಬೀಗಮುದ್ರೆಯ ಸಂಖ್ಯೆ, ಚೀಲಗಳ ಎಣಿಕೆ, ಒಟ್ಟು ತೂಕ. ತುಂಬಿದ ಕಂಟೈನರಿನ ತೂಕವನ್ನು ಪರಿಶೀಲಿಸಿಯೇ ಹಡಗಿಗೆ ಏರಿಸಬೇಕೆಂಬ ಅಂತರರಾಷ್ಟ್ರೀಯ ನಿಯಮ 2016ರ ಜುಲೈ 1ರಿಂದ ಇದೆ. ತೂಕ ತಪ್ಪು ಹೇಳಿದರೆ ಹಡಗಿನ ಸಮತೋಲವೇ ಕೆಡಬಹುದು.

ಐದು, ಸಮಯ. ದೂರದ ಸಮುದ್ರಯಾನದ ಕಂಟೈನರಿಗೆ, ಇಲ್ಲಿನ ಬಂದರಿನಲ್ಲಿ ಹಡಗಿಗೆ ತುಂಬುವ ಕನಿಷ್ಠ 24 ಗಂಟೆ ಮೊದಲು ಘೋಷಣೆ ಸೇರಬೇಕು. ಅದನ್ನು ಸಲ್ಲಿಸುವ ಮುಖ್ಯ ಹೊಣೆ ಹಡಗಿನ ಕಂಪನಿಯದು. ಸಾಗಣೆ ಏಜೆಂಟರು ತಮ್ಮ ಪಾಲಿನ ವಿವರವನ್ನು ತಾವೇ ಸಲ್ಲಿಸಬಹುದು. ಆದರೆ ಅವರಿಬ್ಬರಿಗೂ ಮೂಲ ಮಾಹಿತಿ ಹೋಗಬೇಕಾದದ್ದು ಗಿರಣಿಯಿಂದಲೇ. ಗಿರಣಿಯವರು ತಡಮಾಡಿದರೆ ಹಡಗು ಕಾಯುವುದಿಲ್ಲ.

ಕೊನೆಯದಾಗಿ, ಎಲ್ಲ ಕಾಗದಗಳೂ ಒಂದೇ ಮಾತು ಹೇಳಬೇಕು. ಬೀಜಕದಲ್ಲಿ ಒಂದು ತೂಕ, ಚೀಲಗಳ ಪಟ್ಟಿಯಲ್ಲಿ ಇನ್ನೊಂದು ತೂಕ, ಹಡಗಿನ ರಸೀದಿಯಲ್ಲಿ ಮತ್ತೊಂದು ತೂಕ ಇದ್ದರೆ ಸಂಶಯ ಹುಟ್ಟುವುದು ಸಹಜ. ಘೋಷಣೆಯನ್ನು ತೂಗಿ ನೋಡಿದ ಅಧಿಕಾರಿಗಳು ಹೆಚ್ಚಿನ ವಿವರ ಕೇಳಬಹುದು ಅಥವಾ 'ತುಂಬಬೇಡಿ' ಎಂದೇ ಹೇಳಬಹುದು. ವಿಮಾನದ ಸರಕಾದರೆ ತಪಾಸಣೆಗೆ ಒಳಪಡಿಸಿರೆಂದೂ ಸೂಚಿಸಬಹುದು.

ಅಪಾಯಕಾರಿ ಸರಕಾದರೆ ಇನ್ನೂ ಒಂದು ಗುರುತು ಬೇಕು. ಅದು ವಿಶ್ವಸಂಸ್ಥೆಯ ನಾಲ್ಕು ಅಂಕಿಯ ಸಂಖ್ಯೆ. ಕ್ಯಾಲ್ಸಿಯಂ ಕಾರ್ಬೈಡಿಗೆ 1402, ಅಮೋನಿಯಂ ನೈಟ್ರೇಟಿಗೆ 1942, ಸೋಡಿಯಂ ಸೈನೈಡಿಗೆ 1689. ಲಿಂಗಸುಗೂರು ತಾಲ್ಲೂಕಿನ ಹಟ್ಟಿಯಲ್ಲಿ ಅದಿರಿನಿಂದ ಚಿನ್ನ ಬೇರ್ಪಡಿಸಲು ಸೈನೈಡ್ ವಿಧಾನ ಬಳಸುವುದನ್ನು ನೀವು ಕೇಳಿರಬಹುದು. ಇಂಥ ವಸ್ತುವಿನ ಲಾರಿ ರಸ್ತೆಯಲ್ಲಿ ಉರುಳಿದರೆ, ಆ ನಾಲ್ಕು ಅಂಕಿ ಓದಬಲ್ಲವನೇ ಮೊದಲ ರಕ್ಷಕ.

ನಮ್ಮ ದೇಶಕ್ಕೆ ಬರುವ ಸರಕು

ಭಾರತವೂ ಇದೇ ಹಾದಿಯಲ್ಲಿದೆ. ನಮ್ಮ ಮೂಲ ಕಾನೂನು 1962ರ ಸುಂಕ ಅಧಿನಿಯಮ. 2011ರಿಂದ ಆಮದುದಾರರೇ ತಮ್ಮ ಸುಂಕವನ್ನು ಲೆಕ್ಕ ಹಾಕಿ ಘೋಷಿಸುವ ಪದ್ಧತಿ ಬಂತು. ನಂಬಿಕೆ ಹೆಚ್ಚಿದಂತೆ ಹೊಣೆಯೂ ಹೆಚ್ಚಿತು. 2021ರ ತಿದ್ದುಪಡಿಯ ಪ್ರಕಾರ ಸಾಮಾನ್ಯವಾಗಿ ಹಡಗೋ ವಿಮಾನವೋ ಬರುವ ಹಿಂದಿನ ದಿನದೊಳಗೆ ಆಮದು ಪತ್ರ ಸಲ್ಲಿಕೆಯಾಗಬೇಕು. ಹಡಗಿನ ಸರಕು ಪಟ್ಟಿಯನ್ನು ಮುಂಚಿತವಾಗಿ ಪಡೆಯಲು 2018ರಲ್ಲಿ ಹೊಸ ನಿಯಮಗಳನ್ನು ರೂಪಿಸಲಾಯಿತು. ಆಹಾರ, ಔಷಧ, ಸಸ್ಯ, ಪ್ರಾಣಿಗಳಿಗೆ ಸಂಬಂಧಿಸಿದ ಇಲಾಖೆಗಳಿಗೆ ಬೇರೆ ಬೇರೆಯಾಗಿ ಅಲೆಯುವುದನ್ನು ತಪ್ಪಿಸಲು 2016ರ ಏಪ್ರಿಲ್ 1ರಿಂದ ಏಕಗವಾಕ್ಷಿ ಏರ್ಪಾಡು ಬಂದಿದೆ. ತಿಳಿದೂ ಸುಳ್ಳು ಘೋಷಣೆ ಮಾಡಿದವರಿಗೆ ಸರಕಿನ ಬೆಲೆಯ ಐದು ಪಟ್ಟಿನವರೆಗೂ ದಂಡ ಬೀಳಬಹುದು. ಕೌಟಿಲ್ಯನ ಎಂಟು ಪಟ್ಟು ಸುಂಕದ ದಂಡವನ್ನು ಇದರೊಂದಿಗೆ ಹೋಲಿಸಿ ನೋಡಿ.

ನಿಮ್ಮ ಕಣ್ಣಿಗೆ ಕಾಣುವ ಉದಾಹರಣೆಯೂ ಇದೆ. 2021ರ ಜನವರಿ 1ರಿಂದ ಆಟಿಕೆಗಳಿಗೆ ಭಾರತೀಯ ಮಾನಕ ಬ್ಯೂರೋದ ಗುರುತು ಕಡ್ಡಾಯವಾಗಿದೆ. ವಿದೇಶದಿಂದ ಬರುವ ಆಟಿಕೆಗೂ ಅದು ಅನ್ವಯಿಸುತ್ತದೆ. ಜಾತ್ರೆಯಲ್ಲಿ ತಮ್ಮನಿಗೋ ತಂಗಿಗೋ ಆಟಿಕೆ ಕೊಳ್ಳುವಾಗ ಆ ಗುರುತನ್ನು ಹುಡುಕಿ. ಮಗು ಅದನ್ನು ಬಾಯಿಗೆ ಇಡುತ್ತದೆ ಎಂಬುದನ್ನು ಮರೆಯಬೇಡಿ.

ಸಿದ್ಧತೆ ಹೊಲದಿಂದಲೇ

ಸುರಕ್ಷತಾ ಘೋಷಣೆಯಲ್ಲಿ ಬರೆದ ಆರು ಅಂಕಿಗಳೇ ಆರೋಗ್ಯ ತಪಾಸಣೆಯ ಬಾಗಿಲನ್ನೂ ತೆರೆಯುತ್ತವೆ. ಇಲ್ಲಿ ರೈತನ ಪಾಲು ಬರುತ್ತದೆ. ಭತ್ತದ ಬೆಂಕಿ ರೋಗಕ್ಕೆ ಟ್ರೈಸೈಕ್ಲಜೋಲ್ ಎಂಬ ಔಷಧವನ್ನು ಸಿಂಪಡಿಸುವುದುಂಟು. ಅಕ್ಕಿಯಲ್ಲಿ ಇದರ ಉಳಿಕೆ ಕಿಲೋಗ್ರಾಮಿಗೆ 1 ಮಿಲಿಗ್ರಾಂವರೆಗೆ ಇರಬಹುದೆಂದಿದ್ದ ಐರೋಪ್ಯ ಒಕ್ಕೂಟ, 2017ರಲ್ಲಿ ಆ ಮಿತಿಯನ್ನು 0.01 ಮಿಲಿಗ್ರಾಮಿಗೆ ಇಳಿಸಿತು.

ಈ ಅಂಕಿಯನ್ನು ಲೆಕ್ಕ ಮಾಡಿ ನೋಡೋಣ. ಒಂದು ಟನ್ ಎಂದರೆ 1,000 ಕಿಲೋಗ್ರಾಂ. ಒಂದು ಟನ್ ಅಕ್ಕಿಯಲ್ಲಿ 10 ಮಿಲಿಗ್ರಾಂ ಮಾತ್ರ ಇರಬಹುದು. ನೂರು ಟನ್ನಿನಲ್ಲಿ 1,000 ಮಿಲಿಗ್ರಾಂ, ಅಂದರೆ ಬರೀ ಒಂದು ಗ್ರಾಂ. ನೂರು ಟನ್ ಅಕ್ಕಿಗೆ 25 ಟನ್ನಿನಂತೆ ನಾಲ್ಕು ಕಂಟೈನರ್ ಬೇಕು. ನಾಲ್ಕು ಕಂಟೈನರ್ ಅಕ್ಕಿಯಲ್ಲಿ ಒಂದು ಗ್ರಾಂ ಔಷಧ ಮೀರಿದರೂ ಸರಕು ತಿರಸ್ಕೃತವಾಗಬಹುದು! ಎಳ್ಳಿಗೂ ಇಂಥದೇ ಅನುಭವವಾಯಿತು. 2020ರಲ್ಲಿ ಭಾರತದ ಎಳ್ಳಿನಲ್ಲಿ ಎಥಿಲೀನ್ ಆಕ್ಸೈಡ್ ಉಳಿಕೆ ಕಂಡುಬಂದಾಗ, ಪ್ರಯೋಗಾಲಯದ ಪ್ರಮಾಣಪತ್ರವಿಲ್ಲದೆ ಎಳ್ಳನ್ನು ಒಕ್ಕೂಟ ಒಳಗೆ ಬಿಡಲಿಲ್ಲ.

ಹಾಗೆಂದು ದೂರದ ದೇಶದ ಮಿತಿಯೆಲ್ಲ ನ್ಯಾಯವೇ ಎಂಬ ಪ್ರಶ್ನೆಯನ್ನು ಕೇಳಬಾರದೆಂದಿಲ್ಲ. ಆ ನಿಯಮ ರೂಪಿಸುವಾಗ ಸಣ್ಣ ರೈತನನ್ನು ಯಾರೂ ಕೇಳಿರುವುದಿಲ್ಲ. ಪರೀಕ್ಷೆಯ ಖರ್ಚು ದೊಡ್ಡ ಗಿರಣಿಗೆ ಹಗುರ, ಸಣ್ಣವನಿಗೆ ಭಾರ. ಆದರೆ ಯಾವ ಹೊಲಕ್ಕೆ, ಯಾವ ದಿನ, ಯಾವ ಔಷಧ, ಎಷ್ಟು ಹೊಡೆದೆವು ಎಂದು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಲು ಖರ್ಚಿಲ್ಲ. ಆ ಪುಸ್ತಕವಿದ್ದ ರೈತನ ಭತ್ತವನ್ನು ಗಿರಣಿಯವರು ಬೇರೆಯಾಗಿ ಇಡಲು ಸಾಧ್ಯ. ಇಲ್ಲದಿದ್ದರೆ ಒಬ್ಬನ ಹೊಲದ ಉಳಿಕೆಯಿಂದ ಹತ್ತು ಜನರ ಶ್ರಮ ಗಡಿಯಲ್ಲಿ ನಿಲ್ಲುತ್ತದೆ. ಮತ್ತೊಂದು ಮಾತು: ಅದೇ ಅಕ್ಕಿಯನ್ನು ನಾವೂ ಉಣ್ಣುತ್ತೇವೆ.

ನಿಮ್ಮ ಪಾಲಿನ ಕೆಲಸ

ಮನೆಯಲ್ಲಿ ಓದು ಬಲ್ಲವರು ನೀವಾಗಿದ್ದರೆ ಆ ನೋಟ್‌ಬುಕ್ಕನ್ನು ನೀವೇ ಆರಂಭಿಸಬಹುದು. ಅಜ್ಜಿಯ ಪಾರ್ಸೆಲ್ ಫಾರಂ ತುಂಬುವಾಗ ಒಂದೊಂದು ವಸ್ತುವಿನ ಹೆಸರನ್ನೂ ತೂಕವನ್ನೂ ಬರೆಯಬಹುದು. ಪದವಿಯ ಅನಂತರ ಸುಂಕ ದಲ್ಲಾಳಿಯ ಪರವಾನಗಿ ಪರೀಕ್ಷೆ ಬರೆಯುವ ಅವಕಾಶವಿದೆ. ಸ್ಪರ್ಧಾತ್ಮಕ ಪರೀಕ್ಷೆಗಳ ಮೂಲಕ ಸುಂಕ ಇಲಾಖೆಯನ್ನೂ ಸೇರಬಹುದು. ರಸಾಯನಶಾಸ್ತ್ರ ಓದಿದವರಿಗೆ ಉಳಿಕೆ ಪರೀಕ್ಷಿಸುವ ಪ್ರಯೋಗಾಲಯಗಳಿವೆ. ಹೊಲವನ್ನು ಬಲ್ಲ ಹುಡುಗ ಹುಡುಗಿಯರು ಈ ಕೆಲಸಗಳಿಗೆ ಬಂದರೆ, ಕಾಗದದ ಮೇಲಿನ 1006 30ರ ಹಿಂದೆ ಒಬ್ಬ ರೈತನ ಆರು ತಿಂಗಳ ಬೆವರಿದೆ ಎಂಬುದನ್ನು ಬೇರೆಯವರು ಅವರಿಗೆ ಹೇಳಿಕೊಡಬೇಕಾಗಿಲ್ಲ.

ಸುಂಕದವನ ಮುಂದೆ ಸುಖ-ದುಃಖ ಹೇಳಿಕೊಂಡು ಪ್ರಯೋಜನವಿಲ್ಲ ಎಂಬ ಗಾದೆ ಇನ್ನೂ ಸುಳ್ಳಾಗಿಲ್ಲ. ಆದರೆ ಸತ್ಯ ಹೇಳಿದರೆ, ಅದನ್ನೂ ಸಕಾಲದಲ್ಲಿ, ಸ್ಪಷ್ಟವಾಗಿ ಹೇಳಿದರೆ, ಪ್ರಯೋಜನವಿದೆ. ತುಘಲಕಾಬಾದಿನ ಶಾಲೆಯ ಮಕ್ಕಳನ್ನು ನೆನೆದಾಗ ಆ ಸತ್ಯದ ಬೆಲೆ ಎಷ್ಟೆಂದು ತಿಳಿಯುತ್ತದೆ.

ಮಾಡಿ ನೋಡಿ

1. ನಿಮ್ಮ ಮನೆಯಲ್ಲಿರುವ ಐದು ವಿದೇಶಿ ವಸ್ತುಗಳನ್ನು ಆರಿಸಿ, ಪ್ರತಿಯೊಂದಕ್ಕೂ ಸುಂಕದವರು ಒಪ್ಪುವಂಥ ಒಂದು ಸಾಲಿನ ವರ್ಣನೆ ಬರೆಯಿರಿ.

2. ಸುಂಕದ ಘೋಷಣೆ, ಆರೋಗ್ಯ ಪ್ರಮಾಣಪತ್ರ, ಸುರಕ್ಷತಾ ಘೋಷಣೆ ಇವುಗಳ ವ್ಯತ್ಯಾಸವನ್ನು ಒಂದೊಂದು ಉದಾಹರಣೆಯೊಡನೆ ವಿವರಿಸಿರಿ.

3. ನಿಮ್ಮ ಊರಿನ ರೈತರೊಬ್ಬರನ್ನು ಕೇಳಿ, ಈ ಹಂಗಾಮಿನಲ್ಲಿ ಅವರು ಬಳಸಿದ ಔಷಧಗಳ ಹೆಸರು, ದಿನ ಮತ್ತು ಪ್ರಮಾಣದ ಪಟ್ಟಿ ಮಾಡಿ ಅವರಿಗೇ ಕೊಡಿ.